ಹಿಡಿ ಅಕ್ಕಿಯ ಸದ್ದು

ತೆಲಂಗಾಣದ ಡೋರ್ನಕಲ್‌ನಿಂದ ಬಂದು ಎರಡು ವಾರವಾಯಿತು. ಕಿವಿಯಲ್ಲಿ ಇನ್ನೂ ಅಕ್ಕಿ ಬೀಳುವ ಸದ್ದಿದೆ.

ಎಪಿಫನಿ ಹಬ್ಬದ ಆರಾಧನೆಗೆ ಹೋಗಿದ್ದೆ. ಮೂಡಣ ದೇಶದ ಜೋಯಿಸರು ಶಿಶು ಯೇಸುವನ್ನು ಕಾಣಲು ಬಂದದ್ದನ್ನು ನೆನೆಯುವ ಹಬ್ಬ ಅದು. ಅಲ್ಲಿನ ಕಥೀಡ್ರಲ್‌ಗೆ, ಅಂದರೆ ಬಿಷಪರ ಮುಖ್ಯ ದೇವಾಲಯಕ್ಕೆ, ಆ ಹಬ್ಬದ್ದೇ ಹೆಸರು. 1939ರ ಜನವರಿ 6ರಂದು, ಹಬ್ಬದ ದಿನವೇ ಅದರ ಪ್ರತಿಷ್ಠೆಯಾಯಿತು. ನನಗೆ ತೆಲುಗು ಅಷ್ಟಾಗಿ ಬರುವುದಿಲ್ಲ. ರಾಗ ಹಿಡಿದುಕೊಂಡು ಸುಮ್ನೆ ತುಟಿ ಆಡಿಸುತ್ತಾ ನಿಂತಿದ್ದೆ. ಕಾಣಿಕೆಯ ಹೊತ್ತಿಗೆ ನನ್ನ ಮುಂದೆ ಕೂತಿದ್ದ ವಯಸ್ಸಾದ ತಾಯಿಯೊಬ್ಬರು ಎದ್ದು ಹೋದರು. ಸೆರಗಿನ ಗಂಟು ಬಿಚ್ಚಿ ಅಕ್ಕಿಯನ್ನು ಪಾತ್ರೆಗೆ ಸುರಿದರು. ಸರ್ರನೆ ಒಂದು ಸಣ್ಣ ಸದ್ದು. ನನ್ನ ಗಂಟಲು ಕಟ್ಟಿತು.

ಅದು ನಮ್ಮ ಅಜ್ಜಿಯ ಸದ್ದು.

ಅಜ್ಜಿ ಸಂಜೆ ಅನ್ನಕ್ಕೆ ಅಕ್ಕಿ ಅಳೆದು ಮೊರಕ್ಕೆ ಹಾಕುತ್ತಿದ್ದರು. ಕಲ್ಲು ಆರಿಸಿದ ಮೇಲೆ ಅದರಿಂದ ಒಂದು ಹಿಡಿ ತೆಗೆದು, ಒಲೆಯ ಪಕ್ಕದ ಗೂಡಿನಲ್ಲಿದ್ದ ಬಿಸ್ಕತ್ತಿನ ತಗಡಿನ ಡಬ್ಬಿಗೆ ಬಿಡುತ್ತಿದ್ದರು. ಬಿಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಭಾನುವಾರ ಆ ಡಬ್ಬಿ ದೇವಾಲಯಕ್ಕೆ ಹೋಗುತ್ತಿತ್ತು. ಒಂದು ಮಳೆಗಾಲ ಮನೆಯಲ್ಲಿ ತುಂಬಾ ಕಷ್ಟವಿತ್ತು. ಅಳತೆಯ ಪಾವು ಅರ್ಧವೂ ತುಂಬುತ್ತಿರಲಿಲ್ಲ. ಆಗಲೂ ಅಜ್ಜಿಯ ಕೈ ಡಬ್ಬಿಯ ಕಡೆಗೇ ಹೋಯಿತು. ಹಸಿದಿದ್ದ ನಾನು "ಇವತ್ತು ಬೇಡ ಅಜ್ಜಿ" ಅಂದೆ. "ಅದು ನಮ್ಮದಲ್ಲ ಕಣೋ, ಮಗ" ಅಂದರು. ಬೈಬಲ್ಲಿನಲ್ಲಿ, ಬರಗಾಲದಲ್ಲೂ ಪ್ರವಾದಿ ಎಲೀಯನಿಗೆ ಮೊದಲು ರೊಟ್ಟಿ ಮಾಡಿಕೊಟ್ಟ ಆ ವಿಧವೆಯ ಕಥೆಯನ್ನು ಯಾರಾದರೂ ಓದಿದರೆ ನನಗೆ ಕಾಣುವುದು ಅಜ್ಜಿಯ ಮುಖವೇ.

ಇದೆಲ್ಲ ಅಜ್ಜಿಯೊಬ್ಬರ ರೂಢಿ ಅಂದುಕೊಂಡೇ ನಾನು ಬೆಳೆದೆ. ಡೋರ್ನಕಲ್‌ನ ಬಿಷಪ್ ಅಜರಯ್ಯನವರೂ ಇದನ್ನೇ ತಮ್ಮ ಕ್ರೈಸ್ತ ಸಭೆಗಳಿಗೆ ಕಲಿಸಿದ್ದರು ಅಂತ ತಿಳಿದದ್ದು ಬಹಳ ತಡವಾಗಿ. ತಿಳಿದ ಮೇಲೆ ಅವರ ಸಮಾಧಿ ನೋಡಲೇಬೇಕು ಅನ್ನಿಸಿತು.

ವೇದನಾಯಗಂ ಸಾಮ್ಯುಯೆಲ್ ಅಜರಯ್ಯ ಹುಟ್ಟಿದ್ದು 1874ರಲ್ಲಿ, ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ. ತಂದೆ ಸಭಾಪಾಲಕರು. ತಾಯಿ ಎಲೆನ್ ವರ್ಷಗಟ್ಟಲೆ ಗಂಡುಮಗುವಿಗಾಗಿ ಬೇಡಿಕೊಂಡವರು. ಬೈಬಲ್ಲಿನಲ್ಲಿ ಹಾಗೆಯೇ ಬೇಡಿ ಮಗನನ್ನು ಪಡೆದ ಹನ್ನಳ ಹಾಗೆ ಮಗನಿಗೆ ಸಮುವೇಲನ ಹೆಸರನ್ನೇ ಇಟ್ಟರು. ಹುಡುಗ ಮದ್ರಾಸಿನಲ್ಲಿ ಓದಿದ, ವೈ.ಎಂ.ಸಿ.ಎ. ಎಂಬ ಕ್ರೈಸ್ತ ಯುವಕರ ಸಂಘದ ಕೆಲಸಕ್ಕೆ ಸೇರಿದ. 1902ರಲ್ಲಿ ಶ್ರೀಲಂಕಾದ ಜಾಫ್ನಾಕ್ಕೆ ಹೋದಾಗ ಅಲ್ಲಿನ ತಮಿಳು ಸಭೆಗಳು ತಾವೇ ಸುವಾರ್ತಿಕರನ್ನು, ಅಂದರೆ ಯೇಸುವಿನ ಸುವಾರ್ತೆ ಸಾರುವವರನ್ನು, ಕಳಿಸುತ್ತಿರುವುದನ್ನು ಕಂಡರು. ನಮ್ಮ ತಿರುನೆಲ್ವೇಲಿ ಏನೂ ಮಾಡಿಲ್ಲವಲ್ಲ ಅಂತ ನಾಚಿಕೆಯಾಯಿತು. ಮರುವರ್ಷವೇ ಇಂಡಿಯನ್ ಮಿಷನರಿ ಸೊಸೈಟಿ ಹುಟ್ಟಿತು. ಅದರಲ್ಲಿ ದುಡ್ಡು ನಮ್ಮವರದು, ಜನ ನಮ್ಮವರು, ಆಡಳಿತವೂ ನಮ್ಮವರದೇ. ಆ ಸಂಘ ಆರಿಸಿಕೊಂಡ ಸೇವೆಯ ನೆಲ ನಿಜಾಮರ ಸೀಮೆಯ ಡೋರ್ನಕಲ್. ಬೇರೆಯವರನ್ನು ಕಳಿಸಿ ಸುಮ್ಮನಿರಲಾಗದೆ 1909ರಲ್ಲಿ ಅವರೇ ಅಲ್ಲಿಗೆ ಹೊರಟರು. ಭಾಷೆ ಬೇರೆ, ಊಟ ಬೇರೆ. ಎತ್ತಿನ ಗಾಡಿಯಲ್ಲಿ ಹಳ್ಳಿ ಹಳ್ಳಿ ಸುತ್ತಿದರು.

1912ರ ಡಿಸೆಂಬರ್ 29ರಂದು ಕಲ್ಕತ್ತಾದ ಸೇಂಟ್ ಪಾಲ್ಸ್ ಕಥೀಡ್ರಲ್‌ನಲ್ಲಿ ಅವರಿಗೆ ಬಿಷಪ್ ದೀಕ್ಷೆ ಆಯಿತು. ಆಗ ವಯಸ್ಸು 38. ಆಂಗ್ಲಿಕನ್ ಸಭೆಗೆ, ಅಂದರೆ ಇಂಗ್ಲೆಂಡಿನ ಸಭೆಯ ಪಂಗಡಕ್ಕೆ, ಅವರೇ ಮೊದಲ ಭಾರತೀಯ ಬಿಷಪ್. ಬಿಳಿಯರು ನಮ್ಮವರ ಜೊತೆ ಸಮನಾಗಿ ಕೂರಲೂ ಹಿಂದೆಮುಂದೆ ನೋಡುತ್ತಿದ್ದ ಕಾಲ ಅದು. ಎರಡು ವರ್ಷ ಮೊದಲು, 1910ರಲ್ಲಿ, ಎಡಿನ್‌ಬರೋದ ವಿಶ್ವ ಮಿಷನರಿ ಸಮ್ಮೇಳನದಲ್ಲಿ ಅವರ ಎದುರಿಗೇ ನಿಂತು ಅಜರಯ್ಯ ಹೇಳಿದ್ದರು: ನಿಮ್ಮ ಆಸ್ತಿಯನ್ನು ಬಡವರಿಗೆ ಕೊಟ್ಟಿರಿ, ದೇಹವನ್ನೂ ಕೊಟ್ಟಿರಿ, ನಾವು ಪ್ರೀತಿಯನ್ನೂ ಕೇಳುತ್ತೇವೆ, ನಮಗೆ ಗೆಳೆಯರನ್ನು ಕೊಡಿ. ಈ ಮಾತು ನೆನಪಾದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಅಕ್ಕಿಯ ಕಡೆಗೇ. ಅವರ ಸಭೆಯಲ್ಲಿದ್ದವರು ಯಾರು? ಹೆಚ್ಚಿನವರು ಊರಾಚೆಯ ಕೇರಿಯ ಮಾಲ, ಮಾದಿಗ ಜನ. ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡುವವರು. ಅವರಿಂದ ಏನು ಕೇಳುವುದು, ಅವರಿಗೇ ಕೊಡಬೇಕಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ ಅಲ್ವಾ? ಅಜರಯ್ಯ ಹಾಗೆ ಅಂದುಕೊಳ್ಳಲಿಲ್ಲ. ಅಡುಗೆಗೆ ಮುಂಚೆ ಒಂದು ಹಿಡಿ ತೆಗೆದಿಡಿ ಅಂದರು. ಜೀವಮಾನವೆಲ್ಲ ಕೈ ಒಡ್ಡಿಯೇ ನಿಲ್ಲಬೇಕಾಗಿದ್ದ ಹೆಂಗಸು ದೇವರ ಮುಂದೆ ಕೊಡುವವಳಾಗಿ ನಿಂತಳು. ದೀಕ್ಷಾಸ್ನಾನದ ಹೊತ್ತಿನಲ್ಲೂ ಅಷ್ಟೇ. ತಲೆಯ ಮೇಲೆ ಕೈಯಿಟ್ಟುಕೊಂಡು, ಸುವಾರ್ತೆ ಸಾರದಿದ್ದರೆ ನನ್ನ ಗತಿ ಏನು ಎಂಬ ಪೌಲನ ಮಾತನ್ನು ಅವರವರ ಬಾಯಿಂದಲೇ ಹೇಳಿಸುತ್ತಿದ್ದರು.

ನಮ್ಮ ಬೆಳೆಹಬ್ಬ ಈಗ ಹೇಗಾಗಿದೆ ನೋಡಿ. ಅಂಗಡಿಯಿಂದ ನೇರ ತಂದ ಪ್ಯಾಕೆಟ್ಟು, ಬೆಲೆಯ ಚೀಟಿಯನ್ನೂ ಕಿತ್ತಿರುವುದಿಲ್ಲ. ಫೋನಿನಲ್ಲಿ ಕಾಣಿಕೆ ಕಳಿಸುತ್ತೇವೆ. ನಾನೂ ಹಾಗೇ ಕಳಿಸುತ್ತೇನೆ, ತಪ್ಪು ಅನ್ನುತ್ತಿಲ್ಲ. ಆದರೆ ಆ ದುಡ್ಡು ನಮ್ಮ ಊಟದಿಂದ ಬಂದದ್ದಲ್ಲ. ಹೋದದ್ದು ಹೊಟ್ಟೆಗೆ ಗೊತ್ತಾಗುವುದಿಲ್ಲ. ಅಜ್ಜಿಯ ಹೊಟ್ಟೆಗೆ ಗೊತ್ತಾಗುತ್ತಿತ್ತು.

ಆರಾಧನೆ ಮುಗಿದ ಮೇಲೆ ಸ್ವಲ್ಪ ಹೊತ್ತು ಒಳಗೇ ಕೂತೆ. ಕಂಬಗಳಲ್ಲಿ ನಮ್ಮ ಮಂಟಪಗಳ ಛಾಯೆ, ಮೇಲೆ ಮಸೀದಿಯ ಹಾಗೆ ಗುಮ್ಮಟ. ಮೂಡಣ ದೇಶದ ಜೋಯಿಸರು ಇಲ್ಲಿಗೆ ಬಂದಿದ್ದರೆ ಪರಊರು ಅನ್ನಿಸುತ್ತಿರಲಿಲ್ಲ. ಆಮೇಲೆ ಸಮಾಧಿಯ ಹತ್ತಿರ ಹೋದೆ. 1945ರ ಜನವರಿ 1ರಂದು, ಡೋರ್ನಕಲ್‌ನಲ್ಲೇ ಅವರು ತೀರಿಕೊಂಡರು. ಸಭೆಗಳೆಲ್ಲ ಒಂದಾಗಬೇಕು ಅಂತ 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ನಡೆದ ಸಮಾಲೋಚನೆಯಿಂದಲೂ ದುಡಿದಿದ್ದರು. ಹಾಗೆ ಒಂದಾದ ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆ, ಆದದ್ದು 1947ರ ಸೆಪ್ಟೆಂಬರ್ 27ರಂದು. ಅದನ್ನು ನೋಡಲಿಲ್ಲ. ನಮ್ಮೂರ ದೇವಾಲಯದ ಬೋರ್ಡಿನ ಮೇಲೆ ಆ ಮೂರು ಅಕ್ಷರ ಎಷ್ಟು ಸಲ ಓದಿದ್ದೇನೋ. ಅದರ ಹಿಂದೆ ಇವರೂ ಇದ್ದರು ಅಂತ ಹೊಳೆದಿರಲಿಲ್ಲ. ಹೂವಿಟ್ಟು, ಮೊಣಕಾಲೂರಿ, ಕನ್ನಡದಲ್ಲೇ ಪ್ರಾರ್ಥಿಸಿದೆ.

ಮನೆಗೆ ಬಂದ ಸಂಜೆ ಅಟ್ಟದಿಂದ ಹಳೆಯ ತಗಡಿನ ಡಬ್ಬಿ ಇಳಿಸಿದೆ. ಒರೆಸಿದೆ. ಕುಕ್ಕರಿಗೆ ತೆಗೆದ ಅಕ್ಕಿಯಿಂದ ಒಂದು ಹಿಡಿ ಅದಕ್ಕೆ ಬಿಟ್ಟೆ. ತಳ ಖಾಲಿಯಿತ್ತು, ಸದ್ದು ಜೋರಾಗಿಯೇ ಬಂತು. ಒಳಗಿನಿಂದ ಮಗಳು ಕೂಗಿದಳು: "ಏನಪ್ಪ ಅದು, ಮಳೆ ಬಂತಾ?"