ಮರಕ್ಕೆ ಹತ್ತಿದವರೂ ‘ಆನ್‌ಟು’ ಎಂಬ ಪದವೂ

ಜುಲೈ 15, 2023, ಶನಿವಾರ
ಪೆರ್ಲ, ಕಾಸರಗೋಡು ಜಿಲ್ಲೆ

ಎಂಟನೆಯ ತರಗತಿಯ ಇಂಗ್ಲಿಷ್ ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ನಿನ್ನೆ ಮನೆಗೆ ತಂದಿದ್ದೆ. ಬೆಳಗ್ಗೆ ಮಳೆ ಬಿಟ್ಟದ್ದರಿಂದ ಅಡಿಕೆ ತೋಟಕ್ಕೆ ಎರಡನೆಯ ಸಲದ ಮೈಲುತುತ್ತಿನ ಮದ್ದು ಬಿಡುವವರು ಬಂದರು. ಹಾಗಾಗಿ ಪತ್ರಿಕೆ ತಿದ್ದುವುದೂ ತೋಟದ ಕಡೆ ಕಣ್ಣಿಡುವುದೂ ಜಗಲಿಯಲ್ಲಿ ಕುಳಿತಲ್ಲೇ ಒಟ್ಟಿಗೆ ನಡೆಯಿತು.

‘ಅವನು ಮರಕ್ಕೆ ಹತ್ತಿದನು’ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯಲು ಕೇಳಿದ್ದೆ. ಹೆಚ್ಚಿನ ಮಕ್ಕಳು ‘ಹಿ ಕ್ಲೈಮ್ಡ್ ಟು ದ ಟ್ರೀ’ ಎಂದು ಬರೆದಿದ್ದಾರೆ. ಕೆಂಪು ಗೆರೆ ಎಳೆಯಲು ಕೈ ತುಸು ಹಿಂಜರಿಯಿತು, ಏಕೆಂದರೆ ಇದು ಅಸಡ್ಡೆಯಿಂದಾದ ತಪ್ಪಲ್ಲ; ನಮ್ಮ ‘ಕ್ಕೆ’ಯನ್ನು ಅವರು ಪ್ರಾಮಾಣಿಕವಾಗಿ ‘ಟು’ ಮಾಡಿದ್ದಾರೆ. ಮನೆಯಲ್ಲಿ ಮಲಯಾಳ ಆಡುವ ಇಬ್ಬರು ‘ಇನ್’ ಹಾಕಿದ್ದಾರೆ. ಅದು ‘ಮರತ್ತಿಲ್ ಕಯರಿ’ ಎಂಬಲ್ಲಿನ ‘ಇಲ್’. ಒಂದೇ ಬೆಂಚಿನಲ್ಲಿ ಚತುರ್ಥಿ, ಸಪ್ತಮಿ ವಿಭಕ್ತಿಗಳೆರಡೂ ಕುಳಿತಿವೆ.

‘ಟು’ ಅಲ್ಲವಾದರೆ ‘ಅಪ್’ ಬೇಕೋ ‘ಆನ್‌ಟು’ ಬೇಕೋ ಎಂದು ಮಕ್ಕಳಿಗೆ ಹೇಗೆ ತಿಳಿಸುವುದು? ನಾನು ತರಗತಿಯಲ್ಲಿ ಬಳಸುವ ಅಭ್ಯಾಸ ಪುಸ್ತಕವೊಂದು ‘ಆನ್’ ಎಂದರೆ ಇರುವಿಕೆ, ‘ಆನ್‌ಟು’ ಎಂದರೆ ಚಲನೆ ಎಂದು ಒಂದೇ ಗೆರೆಯಲ್ಲಿ ಮುಗಿಸಿಬಿಡುತ್ತದೆ. ಹಾಗಿದ್ದರೆ ಪುಸ್ತಕವನ್ನು ಮೇಜಿನ ಮೇಲೆ ಇಡುವುದಕ್ಕೆ ‘ಪುಟ್ ಆನ್’ ಏಕೆ ಸಾಕಾಗುತ್ತದೆ? ಚಲನೆಯನ್ನು ‘ಪುಟ್’ ಎಂಬ ಕ್ರಿಯಾಪದವೇ ಹೊತ್ತಿರುವುದರಿಂದ ಉಪಸರ್ಗಕ್ಕೆ ಆ ಹೊರೆ ಬೇಡ. ‘ಜಂಪ್’ ಹಾಗಲ್ಲ. ಬೆಕ್ಕು ‘ಆನ್ ದ ಟೇಬಲ್’ ಜಿಗಿಯಿತು ಎಂದರೆ ಅದು ನೆಲದಿಂದ ಮೇಜಿಗೆ ನೆಗೆದಿರಬಹುದು, ಮೇಜಿನ ಮೇಲೆಯೇ ಕುಣಿದಿರಲೂಬಹುದು. ಆ ಸಂಶಯವನ್ನು ತೆಗೆಯುವುದಷ್ಟೇ ‘ಆನ್‌ಟು’ವಿನ ಕೆಲಸ. ಏರುವುದು ಅದರ ಅರ್ಥದಲ್ಲಿ ಎಲ್ಲೂ ಇಲ್ಲ. ಗಾಳಿಗೆ ಹಾರಿ ಬಂದ ಮೈಲುತುತ್ತಿನ ಹನಿಯೊಂದು ನನ್ನ ಮುಂದಿನ ಪತ್ರಿಕೆಗೆ ಬಿದ್ದು ನೀಲಿ ಕಲೆ ಮಾಡಿತಲ್ಲ, ಆ ಬೀಳುವಿಕೆಗೂ ‘ಆನ್‌ಟು’ವೇ ಸಲ್ಲುತ್ತದೆ. ಮೇಲ್ಮುಖದ ಅರ್ಥ ಬೇಕಿದ್ದರೆ ‘ಕ್ಲೈಮ್’ನಂಥ ಕ್ರಿಯಾಪದವಿರಬೇಕು, ಇಲ್ಲವೇ ಮುಂದೆ ‘ಅಪ್’ ಸೇರಿಸಿ ‘ಅಪ್ ಆನ್‌ಟು’ ಎನ್ನಬೇಕು. ಬರೀ ‘ಅಪ್’ ಹಾಕಿದರೆ ಮತ್ತೆ ಬೇರೆ ಚಿತ್ರ: ‘ಅಪ್ ದ ಟ್ರೀ’ ಎಂಬಲ್ಲಿ ಮರವೇ ದಾರಿ, ಹೋಗಿ ನಿಲ್ಲಲು ಹರವಾದ ಜಾಗವಿಲ್ಲ, ‘ಆನ್‌ಟು ದ ರೂಫ್’ ಎಂಬಲ್ಲಿ ಮನೆಯ ಮಾಡು ತಲುಪುವ ಜಾಗ. ಅಡಿಕೆ ಮರಕ್ಕೆ ‘ಅಪ್’ ಒಪ್ಪುತ್ತದೆ, ಜಗಲಿಗೆ ‘ಆನ್‌ಟು’ ಒಪ್ಪುತ್ತದೆ. ನಾವು ಎರಡಕ್ಕೂ ಹತ್ತುತ್ತೇವೆ.

ಚಲನೆಯ ದಿಕ್ಕನ್ನು ಕೆಲವು ಭಾಷೆಗಳು ಕ್ರಿಯಾಪದದೊಳಗೇ ಇಟ್ಟರೆ ಇಂಗ್ಲಿಷಿನಂಥವು ಅದರ ಪಕ್ಕದ ಪುಟ್ಟ ಪದಕ್ಕೆ ವಹಿಸುತ್ತವೆ ಎಂದು ಭಾಷಾವಿಜ್ಞಾನಿ ಲಿಯೊನಾರ್ಡ್ ಟಾಲ್ಮಿ 1985ರಲ್ಲಿ ವಿವರಿಸಿದರು. ಏರು ಎಂಬ ಅರ್ಥದ, ಲ್ಯಾಟಿನ್ ಮೂಲದ ‘ಅಸೆಂಡ್’ ಉಪಸರ್ಗವಿಲ್ಲದೆ ನೇರವಾಗಿ ಕರ್ಮವನ್ನು ಹಿಡಿಯುವುದೂ ದಿಕ್ಕು ಅದರೊಳಗೇ ಇರುವುದರಿಂದ.

ನನ್ನನ್ನು ಬಹಳ ಹೊತ್ತು ಹಿಡಿದು ಕೂರಿಸಿದ್ದು ‘ಹತ್ತು’ ಎಂಬ ನಮ್ಮ ಪದ. ನೀರು ಏರುತ್ತದೆ, ಜ್ವರ ಏರುತ್ತದೆ, ಅಡಿಕೆಯ ಧಾರಣೆ ಯಾವಾಗಲಾದರೊಮ್ಮೆ ಏರುತ್ತದೆ. ಇವು ಯಾವುವೂ ಹತ್ತುವುದಿಲ್ಲ. ಹತ್ತುವುದು ಬೆಂಕಿ, ನಿದ್ದೆ, ತಳ ಹತ್ತುವ ಪಾಯಸ. ಅಲ್ಲೆಲ್ಲ ಅರ್ಥ ತಾಗುವುದು, ಅಂಟುವುದು. ತುಳುವಿನ ‘ಪತ್ತುನಿ’ ಹಿಡಿಯುವುದೇ ಆದ್ದರಿಂದ ಇಲ್ಲಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂದರೆ ಮರ ಹತ್ತುವಾಗ ಏರುವುದೂ ಇದೆ, ಮೈ ತಾಗಿ ಹಿಡಿದುಕೊಳ್ಳುವುದೂ ಇದೆ, ‘ಅಪ್’ ಕೂಡ ‘ಆನ್’ ಕೂಡ. ಇಂಗ್ಲಿಷಿನವರೂ ಹಿಂದೊಮ್ಮೆ ಈ ಎರಡನ್ನೂ ಬೆಸೆದು ‘ಅಪಾನ್’ ಮಾಡಿಕೊಂಡಿದ್ದರು. ಕ್ರಮೇಣ ಅದರ ಏರುವಿಕೆ ಸವೆದು ಅದು ‘ಆನ್’ನ ಗಂಭೀರ ರೂಪವಾಗಿ ಉಳಿಯಿತು.

ಹನ್ನೊಂದರ ಸುಮಾರಿಗೆ “ಮಾಸ್ಟ್ರೇ, ಪೈಪು ಸ್ವಲ್ಪ ಸಡಿಲ ಬಿಡಿ” ಎಂಬ ಕೂಗು ಕೇಳಿ ಅಂಗಳಕ್ಕಿಳಿದೆ. ಮರದ ತುದಿಯಲ್ಲಿದ್ದವರು ಮರವನ್ನೇ ಒಮ್ಮೆ ತೂಗಿಸಿ, ಬಾಗಿದ ಹೊತ್ತಿಗೆ ಪಕ್ಕದ ಮರವನ್ನು ತಬ್ಬಿ, ಕೆಳಗಿಳಿಯದೆ ಅಲ್ಲಿಗೆ ಹೋದರು. ಇದಕ್ಕೆ ‘ಅಪ್’ ಬೇಡ, ‘ಆನ್‌ಟು ದ ನೆಕ್ಸ್ಟ್ ಟ್ರೀ’ ಸಾಕು. ಕನ್ನಡದಲ್ಲಾದರೆ ‘ಹತ್ತಿದರು’ ಎನ್ನಲಾಗದು, ‘ದಾಟಿದರು’ ಎನ್ನಬೇಕು. ಮುಂದಿನ ವಾರ ಮಕ್ಕಳಿಗೆ ಇದನ್ನೇ ಕೊಡುವುದೆಂದು ನೀಲಿ ಕಲೆಯಾದ ಪತ್ರಿಕೆಯ ಅಂಚಿನಲ್ಲಿ ಗುರುತು ಹಾಕಿಕೊಂಡೆ.