ಅಕ್ಕನಿಗೆ ಬಂತು, ತಂಗಿಗೆ ಬರಲಿಲ್ಲ

ನಮ್ಮ ದೊಡ್ಡಮ್ಮನಿಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್ ಅಂತ ಗೊತ್ತಾದಾಗ 54 ವರ್ಷ. ಮುಟ್ಟು ನಿಂತು ಮೂರು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿತ್ತು. ಅದಕ್ಕೂ ಮುಂಚೆ ಬಿಳಿಸೆರಗು ಜಾಸ್ತಿಯಾಗಿದ್ದನ್ನು ಯಾರಿಗೂ ಹೇಳದೆ ಒಂದು ಮಾವಿನ ಸುಗ್ಗಿಯನ್ನೇ ಕಳೆದಿದ್ದರು. ಬೆಂಗಳೂರಿನಲ್ಲಿ ಐದು ವಾರ ರೇಡಿಯೇಷನ್ ಆಯಿತು. ಈಗ ಶ್ರೀನಿವಾಸಪುರದ ಮನೆಯಲ್ಲಿ ಚೆನ್ನಾಗಿದ್ದಾರೆ.

ಕಾಯಿಲೆಗಿಂತ ಅವರನ್ನು ಸುಟ್ಟಿದ್ದು ನೆಂಟರ ಮಾತು. "ತಂಗಿಗೆ ಬರದೇ ಇದ್ದದ್ದು ಅಕ್ಕನಿಗೆ ಯಾಕೆ ಬಂತು? ಏನೋ ನಡತೆ ಸರಿಯಿಲ್ಲ." ದೊಡ್ಡಮ್ಮ ಮತ್ತು ನಮ್ಮಮ್ಮ ಒಂದೇ ತಾಯಿಯ ಮಕ್ಕಳು, ಒಂದೇ ಮನೆಗೆ ಸೊಸೆಯರಾಗಿ ಬಂದವರು. ನಾನು ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಆ ಮಾತಿಗೆ ಉತ್ತರ ಹುಡುಕದೆ ಇರಲಾಗಲಿಲ್ಲ.

ಈ ಕ್ಯಾನ್ಸರಿಗೆ ಮೂಲ ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ಅನ್ನುವ ವೈರಸ್. ಸಂಸಾರ ಮಾಡುವ ಹೆಚ್ಚಿನವರಿಗೆ ಯಾವಾಗಲಾದರೂ ಒಮ್ಮೆ ತಗಲುತ್ತದೆ. ಒಬ್ಬನೇ ಗಂಡನ ಜೊತೆ ಬಾಳಿದವರಿಗೂ ಬರುತ್ತದೆ, ಇದರಲ್ಲಿ ನಡತೆಯ ಮಾತೆಲ್ಲಿ ಬಂತು? ಹತ್ತರಲ್ಲಿ ಸುಮಾರು ಒಂಬತ್ತು ಜನರಲ್ಲಿ ಎರಡು ವರ್ಷದೊಳಗೆ ದೇಹವೇ ಅದನ್ನು ಓಡಿಸುತ್ತದೆ. ಉಳಿದವರಲ್ಲಿ ಸದ್ದಿಲ್ಲದೆ ಕೂತು, ಕೆಲವರಿಗೆ 15-20 ವರ್ಷದ ಮೇಲೆ ಕ್ಯಾನ್ಸರ್ ಆಗುತ್ತದೆ.

ಯಾರಲ್ಲಿ ಕೂತುಬಿಡುತ್ತದೆ ಅನ್ನುವುದಕ್ಕೆ ಆರನೇ ಕ್ರೋಮೋಸೋಮಿನ ಎಚ್‌ಎಲ್‌ಎ ಜೀನ್‌ಗಳೂ ಒಂದು ಕಾರಣ. ನಮ್ಮೂರ ಮಂಡಿಯಲ್ಲಿ ಮಾವಿನ ಹೋಳು ಕೊಯ್ದು ವ್ಯಾಪಾರಿಗೆ ತೋರಿಸುತ್ತಾರಲ್ಲ, ಹಾಗೆ ಇವು ತಯಾರಿಸುವ ಪ್ರೋಟೀನ್‌ಗಳು ವೈರಸ್ಸಿನ ತುಣುಕನ್ನು ಜೀವಕೋಶದ ಹೊರಮೈಗೆ ತಂದು ಕಾವಲಿನ ಬಿಳಿ ರಕ್ತಕಣಗಳಿಗೆ ತೋರಿಸುತ್ತವೆ. ಕಂಡರೆ ತಾನೇ ಹೊಡೆಯೋದು! ಈ ಜೀನ್‌ಗಳಿಗೆ ಸಾವಿರಾರು ರೂಪಗಳಿವೆ. ಕೆಲವು ತುಣುಕನ್ನು ಚೆನ್ನಾಗಿ ಹಿಡಿಯುತ್ತವೆ, ಕೆಲವಕ್ಕೆ ಹಿಡಿತ ಸಿಗುವುದಿಲ್ಲ. ಇವುಗಳಲ್ಲಿ ಡಿಆರ್‌ಬಿ1*13 ಅನ್ನುವ ಗುಂಪಿನ ರೂಪ ಇದ್ದವರಲ್ಲಿ ಈ ಕ್ಯಾನ್ಸರಿನ ಅಪಾಯ ಕಡಿಮೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಒಡಹುಟ್ಟಿದವರಲ್ಲೂ ಅಪ್ಪ-ಅಮ್ಮ ಇಬ್ಬರ ಕಡೆಯ ಎಚ್‌ಎಲ್‌ಎ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಅಕ್ಕನ ಹಾಗೇ ತಂಗಿಯೂ ಇರಬೇಕು ಅಂತೇನಿಲ್ಲ.

ದೊಡ್ಡಮ್ಮನ ಜೀನ್ ಯಾರೂ ಪರೀಕ್ಷಿಸಿಲ್ಲ, ಅದರ ಅಗತ್ಯವೂ ಇಲ್ಲ. ಆದರೆ ತಾಯಿಗೋ ಅಕ್ಕತಂಗಿಗೋ ಬಂದಿದ್ದರೆ ಅಪಾಯ ಸುಮಾರು ಎರಡು ಪಟ್ಟು ಅಂತ ಸ್ವೀಡನ್ನಿನಲ್ಲಿ ಕಂಡುಕೊಂಡಿದ್ದಾರೆ. ಅಮ್ಮ ತಪಾಸಣೆಗೆ ಹಿಂಜರಿದಾಗ ದೊಡ್ಡಮ್ಮನೇ ಕೈಹಿಡಿದು ಕರೆತಂದರು. ಗರ್ಭಕೋಶದ ಬಾಯಿಗೆ ವಿನಿಗರ್‌ನಂಥ ಆಮ್ಲ ಹಚ್ಚಿ, ಒಂದು ನಿಮಿಷ ಬಿಟ್ಟು ನೋಡಿದರು. ಬಿಳಿ ಮಚ್ಚೆ ಬರಲಿಲ್ಲ, ಅಂದರೆ ಅನುಮಾನಪಡುವಂಥದ್ದೇನೂ ಕಾಣಲಿಲ್ಲ.

ಅಮ್ಮ ಸೀರೆ ಸರಿಮಾಡಿಕೊಳ್ಳುತ್ತಾ ಹೊರಗೆ ಬಂದರು. ದೊಡ್ಡಮ್ಮ ನನ್ನ ಕೈಯಿಂದ ಬ್ಯಾಗು ತೆಗೆದುಕೊಂಡರು. "ನಿನಗೂ ಮೂವತ್ತು ದಾಟಿದೆ ಅಲ್ವಾ? ಒಳಗೆ ನಡಿ."