ಅರವತ್ತಕ್ಕೊಂದು

ತೋಟದ ಪಂಪ್‌ಸೆಟ್ ನೋಡಿದವರಿಗೆ ಇದನ್ನು ವಿವರಿಸೋದು ಸುಲಭ. ಬೋರಿನಲ್ಲಿ ನೀರು ಕಮ್ಮಿಯಾದಾಗ ಪೈಪಿಗೆ ಗಾಳಿ ಸೇರಿಕೊಳ್ಳುತ್ತೆ. ಬರ್ತಾ ಇದ್ದ ನೀರು ಪುಸ್ ಅಂತ ಒಮ್ಮೆ ಕೆಮ್ಮಿ ತಡೆದು ನಿಲ್ಲುತ್ತೆ. ನಾವು ಉಸಿರು ಹಿಡಿದು ಪೈಪಿನ ಬಾಯಿ ನೋಡ್ತಾ ನಿಂತಿರ್ತೀವಿ. ಆಮೇಲೆ ಭಗ್ ಅಂತ ಒಂದೇ ಸಲಕ್ಕೆ ಚಿಮ್ಮುತ್ತೆ. ಈ ವರ್ಷ, ಅಂದರೆ 2025ರ ಮೇ ಕೊನೆಯ ವಾರದಿಂದ, ರಾತ್ರಿ ಹನ್ನೊಂದರ ಸುಮಾರಿಗೆ ನನ್ನ ಎದೆಯೊಳಗೆ ಆಗ್ತಾ ಇದ್ದದ್ದು ಇಷ್ಟೇ. ಸಣ್ಣದೊಂದು ಪುಸ್, ಒಂದು ಖಾಲಿ, ಆಮೇಲೆ ಭಗ್.

ಹಗಲು ಏನೂ ಇಲ್ಲ. ಹತ್ತನೇ ಕ್ಲಾಸಿಗೆ ಗಣಿತ ಹೇಳ್ತೀನಿ, ಬಸ್ಸಿಗೆ ಓಡ್ತೀನಿ, ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕ್ತೀನಿ. ದೀಪ ಆರಿಸಿ ಎಡಮಗ್ಗುಲಾಗಿ ಮಲಗಿ ಇನ್ನೇನು ಕಣ್ಣು ಅಡ್ಡಾಯಿತು ಅನ್ನೋ ಹೊತ್ತಿಗೆ ಶುರು. ಎದ್ದು ಕೂತರೆ ಕಮ್ಮಿ. ಮತ್ತೆ ಮಲಗಿದರೆ ಮತ್ತೆ. ಒಂದೊಂದು ಸಲ ನಾಲ್ಕೈದು ಒಟ್ಟಿಗೆ ಬಂದು ಎದೆಯೊಳಗೆ ಯಾರೋ ಮೊರದಲ್ಲಿ ಕೇರಿದ ಹಾಗೆ ಆಗೋದು.

ಎರಡು ರಾತ್ರಿ ಸುಮ್ಮನಿದ್ದೆ. ಮೂರನೇ ರಾತ್ರಿ ಮಣಿಕಟ್ಟು ಹಿಡಿದು ನಾಡಿ ನೋಡಿಕೊಂಡೆ. ನೋಡಿಕೊಳ್ಳಬಾರದಿತ್ತು. ನಮ್ಮ ತಾತ ಊರಿನಲ್ಲಿ ನಾಡಿ ನೋಡೋರು. ವಾತ ಹೆಚ್ಚಾದರೆ ನಾಡಿ ಹಾವು, ಜಿಗಣೆ ಹಾಗೆ ಹರಿಯುತ್ತೆ, ಪಿತ್ತ ಕೆರಳಿದರೆ ಕಪ್ಪೆ ಹಾಗೆ ಕುಪ್ಪಳಿಸುತ್ತೆ, ಕಫಕ್ಕೆ ಹಂಸದ ನಡಿಗೆ ಅಂತ ನಮ್ಮನ್ನು ಕೂರಿಸಿಕೊಂಡು ಹೇಳೋರು. ಅದೆಲ್ಲ ಮಕ್ಕಳಿಗೆ ಪ್ರಾಣಿಗಳ ಕಥೆ ಇದ್ದ ಹಾಗಿತ್ತು. ಆದರೆ ಕೊನೆಗೆ ಒಂದು ಮಾತು ಸೇರಿಸೋರು: ನಿಂತು ನಿಂತು ನಡೆಯೋ ನಾಡಿ ಪ್ರಾಣ ತೆಗೆಯುತ್ತೆ. ನಲವತ್ತು ವರ್ಷ ಎಲ್ಲಿ ಅಡಗಿತ್ತೋ ಆ ಮಾತು, ಕತ್ತಲಲ್ಲಿ ನನ್ನ ಬೆರಳಡಿಯಲ್ಲಿ ನಾಡಿ ಒಂದು ಹೆಜ್ಜೆ ತಪ್ಪಿಸಿದ ಕೂಡಲೇ ಎದ್ದು ಬಂತು.

ನಾನಿರೋದು ಹಾಸನ. ಈ ವರ್ಷದ ಜೂನ್ ತಿಂಗಳು ಹಾಸನದಲ್ಲಿ ಹೇಗಿತ್ತು ಅಂತ ಹೊರಗಿನವರಿಗೂ ಗೊತ್ತು. ದಿನಾ ಬೆಳಗ್ಗೆ ಟಿವಿ ಹಾಕಿದರೆ ನಮ್ಮ ಜಿಲ್ಲೆಯಲ್ಲಿ ಇನ್ನೊಬ್ಬರಿಗೆ ಹೃದಯಾಘಾತ, ವಯಸ್ಸು ಇಷ್ಟು, ಒಟ್ಟು ಸಂಖ್ಯೆ ಇಷ್ಟು ಅಂತ ಕ್ರಿಕೆಟ್ ಸ್ಕೋರಿನ ಥರ ಬರೋದು. ಇಪ್ಪತ್ತು ದಾಟಿತು. ಸ್ಟಾಫ್ ರೂಮಿನಲ್ಲಿ ಬೇರೆ ಮಾತೇ ಇಲ್ಲ. ನಮ್ಮ ಮೈದುನ ಮೈಸೂರಿನ ಜಯದೇವಕ್ಕೆ ಬೆಳಗಿನ ಜಾವವೇ ಹೋಗಿ ನಿಂತರೆ ಆಗಲೇ ಗೇಟಿನಾಚೆವರೆಗೆ ಸಾಲು, ಅದರಲ್ಲಿ ಅರ್ಧ ನಮ್ಮ ಕಡೆಯವರೇ. ಕೊನೆಗೆ ಸರ್ಕಾರ ಜಯದೇವದ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತು, ಜುಲೈನಲ್ಲಿ ವರದಿ ಬಂತು, ಸಾವುಗಳು ಅಸಹಜವಾಗಿ ಏರಿಲ್ಲ ಅಂತ. ಅಷ್ಟು ಹೊತ್ತಿಗೆ ಊರಿಗೆ ಊರೇ ಎದೆ ಮೇಲೆ ಕೈ ಇಟ್ಟುಕೊಂಡು ಮಲಗೋ ಅಭ್ಯಾಸ ಮಾಡಿಕೊಂಡಾಗಿತ್ತು. ಅಂಥ ತಿಂಗಳಲ್ಲಿ ನನ್ನ ಎದೆಗೆ ಈ ಬುದ್ಧಿ ಬಂತು.

ನಮ್ಮನೆಯವರಿಗೆ ಹೇಳಲಿಲ್ಲ. ಹೇಳಿದ್ದರೆ ಅವರಿಗೂ ಶುರುವಾಗೋದು. ಕೊರೋನಾ ಕಾಲದಲ್ಲಿ ತಂದಿದ್ದ ಆಕ್ಸಿಮೀಟರ್ ಬೀರುವಿನಿಂದ ತೆಗೆದು, ಅವರು ಗೊರಕೆ ಶುರು ಮಾಡಿದ ಮೇಲೆ, ಹೊದಿಕೆಯೊಳಗೆ ಬೆರಳಿಗೆ ಸಿಕ್ಕಿಸಿಕೊಳ್ತಿದ್ದೆ. ಕೆಂಪು ಬೆಳಕು ಹೊದಿಕೆಯಲ್ಲೆಲ್ಲ. ನಾಡಿ ಎಂಬತ್ತೆರಡು, ಎಂಬತ್ತು, ಇದ್ದಕ್ಕಿದ್ದ ಹಾಗೆ ಐವತ್ತೊಂದು. ಐವತ್ತೊಂದು ನೋಡಿದ ರಾತ್ರಿ ನನಗೆ ಬೆಳಗಾಗೋವರೆಗೂ ನಿದ್ದೆ ಇಲ್ಲ. ಮಗಳ ಫೀಸು, ಅತ್ತೆಯ ಮೊಣಕಾಲು, ಸೊಸೈಟಿ ಸಾಲ ಎಲ್ಲ ಲೆಕ್ಕ ಹಾಕಿ ಮುಗಿಸಿದೆ. ಗಣಿತದವಳಿಗೆ ಸಾಯೋ ಮುಂಚೆಯೂ ಲೆಕ್ಕ.

ಮೊದಲು ತೋರಿಸಿದ್ದು ಮನೆ ಹತ್ತಿರದ ಒಂದು ಕ್ಲಿನಿಕ್ಕಿಗೆ. ಇಸಿಜಿ ತೆಗೆದರು, ನಾರ್ಮಲ್. "ಟಿವಿ ಜಾಸ್ತಿ ನೋಡ್ಬೇಡಿ ಮೇಡಂ, ಗ್ಯಾಸು, ಟೆನ್ಶನ್ನು" ಅಂದು ಒಂದು ಗ್ಯಾಸಿನ ಮಾತ್ರೆ, ಒಂದು ನಿದ್ದೆ ಮಾತ್ರೆ ಬರೆದುಕೊಟ್ಟರು. ಆ ಜೂನಿನಲ್ಲಿ ಅವರ ಮುಂದೆ ದಿನಕ್ಕೆ ನೂರು ಜನ ಎದೆ ಹಿಡಿದುಕೊಂಡು ಕೂತಿರಬೇಕು, ಪೂರ್ತಿ ತಪ್ಪು ಅವರದು ಅನ್ನಲಾರೆ. ಆದರೆ ಇಸಿಜಿ ಪಟ್ಟಿ ಹಿಡಿಯೋದು ಹತ್ತು ಸೆಕೆಂಡನ್ನ. ಬೆಳಗ್ಗೆ ಹತ್ತು ಗಂಟೆಗೆ ತೆಗೆದ ಹತ್ತು ಸೆಕೆಂಡಿಗೆ ರಾತ್ರಿ ಹನ್ನೊಂದರ ಕಥೆ ಹೇಗೆ ಗೊತ್ತಾಗಬೇಕು?

ಜುಲೈ ಮೊದಲ ವಾರ ಎರಡನೇ ಡಾಕ್ಟರು. ವಯಸ್ಸಾದ ಹೆಂಗಸು, ಮಾತು ಕಮ್ಮಿ. ಮೊದಲು ನಾಲ್ಕು ಪ್ರಶ್ನೆ ಕೇಳಿದರು. ಕಣ್ಣು ಕತ್ತಲೆ ಬಂದು ಬಿದ್ದಿದ್ದು ಉಂಟಾ? ನಡೆವಾಗ, ಮೆಟ್ಟಿಲು ಹತ್ತುವಾಗ ಹೀಗೆ ಹೊಡ್ಕೊಳ್ಳುತ್ತಾ? ಎದೆ ನೋವು ಬರುತ್ತಾ? ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೆ ಇದ್ದಕ್ಕಿದ್ದ ಹಾಗೆ ಹೋಗಿದ್ದಾರಾ? ನಾಲ್ಕಕ್ಕೂ ಇಲ್ಲ ಅಂದೆ. ಇದರಲ್ಲಿ ಒಂದಕ್ಕೆ ಹೂಂ ಅಂದಿದ್ದರೂ ಈಗಲೇ ದೊಡ್ಡಾಸ್ಪತ್ರೆಗೆ ಕಳಿಸ್ತಿದ್ದೆ ಅಂದರು. ಆಮೇಲೆ ಎದ್ದು ಬಂದು ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ನಾಲಿಗೆ ನೋಡಿದರು. ಉಗುರು ನೋಡಿದರು. ವಾಪಸ್ ಕೂತು, ಬರೀತಾ ಬರೀತಾ, ತಲೆ ಎತ್ತದೆ ಕೇಳಿದರು:

"ಅಕ್ಕಿ ತಿಂತೀರಾ? ಹಸಿ ಅಕ್ಕಿ? ಸೀಮೆಸುಣ್ಣ, ಮಣ್ಣು, ಐಸು, ಏನಾದ್ರೂ?"

ಟೀಚರ್ ಅಂದ ಕೂಡಲೇ ಸೀಮೆಸುಣ್ಣ ತಿನ್ನೋಳು ಅಂದುಕೊಂಡರಲ್ಲ ಅಂತ ಒಂದು ಕ್ಷಣ ಸಿಟ್ಟು ಬಂತು. ಮರುಕ್ಷಣ ಮೈ ತಣ್ಣಗಾಯಿತು. ತಿಂತಾ ಇದ್ದೆ. ಸೀಮೆಸುಣ್ಣ ಅಲ್ಲ, ಅಕ್ಕಿ. ಆರಿಸುವಾಗ ಒಂದು ಚಿಟಿಕೆ ಅಂತ ಶುರುವಾಗಿದ್ದು ಒಂದು ಮುಷ್ಟಿಗೆ ಬಂದಿತ್ತು. ಹಸಿ ಅಕ್ಕಿ ತಿಂದರೆ ಮದುವೆ ದಿನ ಮಳೆ ಅಂತಾರಲ್ಲ, ನಮ್ಮತ್ತೆ ಅದನ್ನೇ ಹಿಡ್ಕೊಂಡು "ನಿನ್ ಮದ್ವೆ ಆಗಿ ಇಪ್ಪತ್ಮೂರು ವರ್ಷ ಆಯ್ತು, ಇನ್ಯಾವ ಮಳೆ ತರಿಸ್ತೀಯಮ್ಮ" ಅಂತ ನಗೋರು. ನಾನೂ ನಗ್ತಿದ್ದೆ.

"ಮುಟ್ಟು ಹೇಗಾಗ್ತಿದೆ?"

ಎದೆ ತೋರಿಸೋಕೆ ಬಂದವಳಿಗೆ ಇದೇನು ಪ್ರಶ್ನೆ. ಆದರೂ ಹೇಳಿದೆ. ನನಗೆ ನಲವತ್ತಾರು. ಎರಡು ವರ್ಷದಿಂದ ಲೆಕ್ಕ ತಪ್ಪಿದೆ. ಒಂದು ತಿಂಗಳು ಇಲ್ಲ, ಇನ್ನೊಂದು ತಿಂಗಳು ಹತ್ತು ದಿನ. ಆ ದಿನಗಳಲ್ಲಿ ಎರಡು ಪೀರಿಯಡ್ ಒಟ್ಟಿಗೆ ತಗೊಳ್ಳೋಕೆ ಆಗಲ್ಲ, ನಡುವೆ ಬಾತ್‌ರೂಮಿಗೆ ಓಡಬೇಕು. ಸೀರೆ ಬಿಟ್ಟು ಕಪ್ಪು ಚೂಡಿದಾರಕ್ಕೆ ಬಂದಿದ್ದೆ. ಯಾಕೆ ತೋರಿಸಲಿಲ್ಲ ಅಂತ ಅವರು ಕೇಳಲಿಲ್ಲ, ಕೇಳಿದ್ದರೆ ನನ್ನ ಹತ್ತಿರ ಉತ್ತರವೂ ಇರಲಿಲ್ಲ. ನಿಲ್ಲೋ ವಯಸ್ಸು, ಹೀಗೇ ಆಗುತ್ತೆ ಅಂತ ನಮ್ಮಮ್ಮ ಅಂದಿದ್ದರು, ಅವರಿಗೆ ಅವರಮ್ಮ ಅಂದಿರಬೇಕು.

ಹಿಮೋಗ್ಲೋಬಿನ್ 7.9 ಬಂತು. ಹೆಂಗಸರಿಗೆ 12 ಇರಬೇಕು. ಇದನ್ನು ಬೇರೆ ಯಾರಾದರೂ ನನಗೆ ಹೇಳಬೇಕಾಗಿತ್ತಾ? ವಾರಕ್ಕೊಂದು ದಿನ ಶಾಲೆಯಲ್ಲಿ ಮಕ್ಕಳಿಗೆ ಕೊಡೋ ನೀಲಿ ಕಬ್ಬಿಣಾಂಶದ ಮಾತ್ರೆ ನನ್ನ ಕೈಯಿಂದಲೇ ಹೋಗೋದು. "ಊಟ ಆದ್ಮೇಲೆ ನುಂಗ್ರೋ, ಕಿಟಕಿಯಾಚೆ ಎಸೀಬೇಡ್ರೋ" ಅಂತ ಕೂಗಿ, ರಿಜಿಸ್ಟರಿನಲ್ಲಿ ಟಿಕ್ ಹಾಕಿ, ರಕ್ತಹೀನತೆ ಅಂದರೇನು ಅಂತ ಹೆಣ್ಣುಮಕ್ಕಳಿಗೆ ಐದು ನಿಮಿಷ ಭಾಷಣ ಮಾಡಿ, ಮೆಟ್ಟಿಲು ಹತ್ತಿ ಏದುಸಿರು ಬಿಡ್ತಾ ಸ್ಟಾಫ್ ರೂಮಿಗೆ ಬರ್ತಿದ್ದೆ. ಏದುಸಿರಿಗೆ ವಯಸ್ಸು ಅಂತ ಹೆಸರಿಟ್ಟಿದ್ದೆ. ಡಾಕ್ಟರ ಆ ನಾಲ್ಕು ಪ್ರಶ್ನೆಗೆ "ಇಲ್ಲ" ಅನ್ನುವಾಗಲೂ ಅದು ನೆನಪಿಗೆ ಬಂದಿರಲಿಲ್ಲ.

ಡಾಕ್ಟರು ವಿವರಿಸಿದ್ದು ಹೀಗೆ. ಮೈಯಲ್ಲಿ ಕಬ್ಬಿಣ ಕಮ್ಮಿಯಾದರೆ ಕೆಲವರಿಗೆ ಅಕ್ಕಿ, ಮಣ್ಣು, ಐಸು ತಿನ್ನೋ ಚಪಲ ಹುಟ್ಟುತ್ತೆ. ರಕ್ತದಲ್ಲಿ ಆಮ್ಲಜನಕ ಹೊರೋ ಸಾಮಾನೇ ಕಮ್ಮಿ ಇದ್ದರೆ ಹೃದಯ ಹೆಚ್ಚು ಟ್ರಿಪ್ಪು ಹೊಡೀಬೇಕು. ಹಾಗೆ ದಣಿದ ಹೃದಯದಲ್ಲಿ ಎಲ್ಲೋ ಒಂದು ಮೂಲೆಯಿಂದ ಸರದಿ ಬರೋ ಮೊದಲೇ ಒಂದು ಬಡಿತ ಏಳುತ್ತೆ. ಅಷ್ಟು ಹೊತ್ತಿಗೆ ಹೃದಯದ ಗೂಡಿನಲ್ಲಿ ರಕ್ತ ಪೂರ್ತಿ ತುಂಬಿರಲ್ಲ, ಹಾಗಾಗಿ ಆ ಬಡಿತ ಪೊಳ್ಳು, ಮಣಿಕಟ್ಟಿನವರೆಗೆ ಬರೋದೇ ಇಲ್ಲ. ಅದರ ಹಿಂದೆ ಒಂದು ನಿಲುಗಡೆ. ಆ ನಿಲುಗಡೆಯಲ್ಲಿ ಗೂಡು ಮಾಮೂಲಿಗಿಂತ ಹೆಚ್ಚು ತುಂಬಿಕೊಳ್ಳುತ್ತೆ, ಮುಂದಿನ ಬಡಿತ ಜೋರಾಗಿ ಬರುತ್ತೆ. ನನ್ನ ಭಗ್ ಅದೇ. ನಾನು ಹೆದರಿ ಸಾಯ್ತಿದ್ದ ಆ ಹೊಡೆತ ತಪ್ಪು ಬಡಿತ ಅಲ್ಲವೇ ಅಲ್ಲ, ತಪ್ಪಿನ ನಂತರದ ಸರಿಯಾದ ಬಡಿತ. ಆಕ್ಸಿಮೀಟರಿನ ಐವತ್ತೊಂದು ಕೂಡ ಹಾಗೇ: ಪೊಳ್ಳು ಬಡಿತ ಬೆರಳಿನ ತುದಿ ತಲುಪಿಲ್ಲ, ಯಂತ್ರ ಅದನ್ನು ಲೆಕ್ಕಕ್ಕೆ ತಗೊಂಡಿಲ್ಲ.

ರಾತ್ರಿಯೇ ಯಾಕೆ ಅಂದೆ. ಮಲಗಿದಾಗ ಹೃದಯ ನಿಧಾನ ಆಗುತ್ತೆ, ಎರಡು ಬಡಿತದ ನಡುವೆ ಜಾಗ ಸಿಗುತ್ತೆ, ನುಗ್ಗೋರು ನುಗ್ಗುತ್ತಾರೆ. ಎಡಕ್ಕೆ ಮಲಗಿದರೆ ಹೃದಯ ಪಕ್ಕೆಲುಬಿನ ಗೋಡೆಗೆ ಒತ್ತಿಕೊಳ್ಳುತ್ತೆ. ಮನೆ ನಿಶ್ಶಬ್ದ. "ಹಗ್ಲೂ ಬರ್ತಿರುತ್ತೆ, ನಿಮ್ಗೆ ಕೇಳ್ಸಿಕೊಳ್ಳೋಕೆ ಪುರುಸೊತ್ತಿಲ್ಲ ಅಷ್ಟೇ." ನಾನು ಎಡಕ್ಕೆ ಮಲಗೋದು ವಾಮಕುಕ್ಷಿ ಮಾಡಿದರೆ ಅನ್ನ ಅರಗುತ್ತೆ ಅಂತ ತಾತ ಕಲಿಸಿದ್ದರಿಂದ. ಒಬ್ಬ ತಾತ ಎಷ್ಟು ಕಡೆಯಿಂದ ಕಾಡಬಹುದು ನೋಡಿ.

ಆದರೂ ದಿನವಿಡೀ ಎದೆ ಬಡಿತ ದಾಖಲಿಸೋ ಹೋಲ್ಟರ್ ಯಂತ್ರ ಹಾಕಿಸಿದರು. ಎದೆಗೆ ಅಂಟು ಬಿಲ್ಲೆ, ವಯರು, ಸೊಂಟಕ್ಕೆ ಮೊಬೈಲಿನಷ್ಟು ಡಬ್ಬಿ, ಇಪ್ಪತ್ನಾಲ್ಕು ಗಂಟೆ ಸ್ನಾನ ಇಲ್ಲ. ಶಾಲೆಗೆ ಹಾಕಿಕೊಂಡೇ ಹೋದೆ. ದುಪಟ್ಟಾ ಎಷ್ಟು ಹೊದ್ದರೂ ಮುಂದಿನ ಬೆಂಚಿನವಳಿಗೆ ವಯರು ಕಂಡೇ ಕಂಡಿತು. "ಮಿಸ್, ಬಾಂಬಾ?" ಇಡೀ ಕ್ಲಾಸು ನಕ್ಕಿತು. ಇದನ್ನು ಕಂಡುಹಿಡಿದ ಅಮೆರಿಕದ ನಾರ್ಮನ್ ಹೋಲ್ಟರ್ 1940ರ ದಶಕದಲ್ಲಿ ಮಾಡಿದ ಮೊದಲ ಯಂತ್ರ ಸುಮಾರು 38 ಕಿಲೋ ಇತ್ತಂತೆ, ಬೆನ್ನಿಗೆ ಹೊತ್ತುಕೊಂಡು ತಿರುಗಬೇಕಿತ್ತಂತೆ. ಮಕ್ಕಳಿಗೆ ಹೇಳಿದೆ. ಅಷ್ಟು ಹೊತ್ತರೆ ಯಾರ ಎದೆಯಾದರೂ ಹೊಡ್ಕೊಳ್ಳುತ್ತೆ ಮಿಸ್ ಅಂದ ಹಿಂದಿನ ಬೆಂಚಿನವನು. ಅವನಿಗೆ ಗಣಿತದಲ್ಲಿ ಹನ್ನೆರಡು ಬರೋದು, ಆದರೆ ಹುಡುಗ ಚುರುಕು.

ರಿಪೋರ್ಟು ಬಂದಾಗ ಡಾಕ್ಟರಿಗಿಂತ ಮೊದಲು ನಾನೇ ಕ್ಯಾಲ್ಕುಲೇಟರ್ ತೆಗೆದೆ. ದಿನದ ಒಟ್ಟು ಬಡಿತ 1,14,336. ಅದರಲ್ಲಿ ಸರದಿ ತಪ್ಪಿದ್ದು 1,907. ಭಾಗಿಸಿದರೆ 59.96. ಅರವತ್ತಕ್ಕೊಂದು! ನೂರಕ್ಕೆ ಎರಡೂ ಇಲ್ಲ. ಗಂಟೆವಾರು ಪಟ್ಟಿಯಲ್ಲಿ ರಾತ್ರಿ ಹನ್ನೊಂದರಿಂದ ಹನ್ನೆರಡರ ಮನೆಯಲ್ಲಿ 412 ಅಂತಿತ್ತು. ಬೆಳಗ್ಗೆ ಹನ್ನೊಂದರ ಮನೆಯಲ್ಲೂ 61 ಇತ್ತು, ಆ ಹೊತ್ತಿಗೆ ನಾನು ವರ್ಗಸಮೀಕರಣ ಹೇಳ್ತಿದ್ದೆ, ಒಂದೂ ಗೊತ್ತಾಗಿಲ್ಲ. ಎಕೋದಲ್ಲಿ ಹೃದಯ ಸರಿ ಇತ್ತು, ಥೈರಾಯ್ಡೂ ಸರಿ. ಲಕ್ಷದ ಮೇಲೆ ಹದಿನಾಲ್ಕು ಸಾವಿರ ಚಿಲ್ಲರೆ ಸಲ ದಿನವೂ ಬಡಿಯೋ ಯಂತ್ರವನ್ನು ನಾನು ಒಂದು ಕ್ಷಣದ ತಡೆಗೆ ಅನುಮಾನಿಸಿದ್ದೆ. ಅದೇ ಎರಡು ವರ್ಷ ಹರಿದು ಹೋದ ರಕ್ತದ ಬಗ್ಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ.

ಹೆಂಗಸರ ಡಾಕ್ಟರ ಕಥೆ ಉದ್ದ, ಗಿಡ್ಡ ಮಾಡ್ತೀನಿ. ಮೊದಲು ಹೋದ ಕಡೆ ಸ್ಕ್ಯಾನಿನಲ್ಲಿ ಗಡ್ಡೆ ಕಂಡ ಕೂಡಲೇ "ಇನ್ನೇನು ಮಕ್ಕಳು ಬೇಕಾ, ಗರ್ಭಕೋಶ ತೆಗೆಸಿಬಿಡಿ" ಅಂದರು, ಹಲ್ಲು ಕೀಳಿಸಿಕೊಳ್ಳಿ ಅಂದ ಹಾಗೆ. ನಮ್ಮನೆಯವರು ಮೊದಲ ಸಲ ಬಾಯಿ ಬಿಟ್ಟರು: "ಇನ್ನೊಂದು ಕಡೆ ಕೇಳೋಣ ನಡಿ." ಇನ್ನೊಂದು ಕಡೆ ಗರ್ಭಕೋಶದೊಳಗೆ ಹಾರ್ಮೋನು ಇರೋ ವಂಕಿ ಹಾಕಿದರು. ಸ್ರಾವ ತಿಂಗಳು ತಿಂಗಳು ಇಳೀತಾ ಬಂತು. ಎಲ್ಲರಿಗೂ ಅದೇ ಸರಿ ಅಂತಲ್ಲ, ನನ್ನ ಗಡ್ಡೆ ಇದ್ದ ಜಾಗಕ್ಕೆ, ಅಳತೆಗೆ ಅದು ಸಾಕಾಯಿತು.

ಕಬ್ಬಿಣದ ಮಾತ್ರೆ ಹೊಟ್ಟೆಗೆ ಆಗಲಿಲ್ಲ, ಮೂರೇ ದಿನಕ್ಕೆ ಮುಷ್ಕರ. ಕೊನೆಗೆ ಡ್ರಿಪ್ಪಿನಲ್ಲಿ ಹಾಕಿದರು. ಸಲೈನಿಗೆ ಆ ಔಷಧ ಸೇರಿಸಿದಾಗ ಬಣ್ಣ ಥೇಟ್ ನಮ್ಮನೆ ಫಿಲ್ಟರಿನ ಮೊದಲ ಡಿಕಾಕ್ಷನ್. ನಗು ಬಂತು, ಯಾಕಂದರೆ ಕಾಫಿ ವಿಷಯಕ್ಕೆ ಅಷ್ಟರಲ್ಲೇ ಒಂದು ರಾಜಿ ಆಗಿತ್ತು. ಊಟದ ಜೊತೆಗೆ, ಊಟದ ಬೆನ್ನಿಗೆ ಕಾಫಿ ಟೀ ಕುಡಿದರೆ ಅನ್ನ ಸೊಪ್ಪಿನ ಕಬ್ಬಿಣ ಮೈಗೆ ಸರಿಯಾಗಿ ಹತ್ತಲ್ಲ. ನಾನು ಊಟ ಆದ ಕೂಡಲೇ ಅರ್ಧ ಲೋಟ ಹಾಕೋಳು. ಹಾಸನದಲ್ಲಿ ಹುಟ್ಟಿ ಕಾಫಿ ಬಿಡು ಅಂದರೆ ಹೇಗೆ? ಡಾಕ್ಟರೂ ಬಿಡು ಅನ್ನಲಿಲ್ಲ, ಜಾಗ ಬದಲಿಸಿ ಅಂದರು. ಬೆಳಗ್ಗೆ ಎದ್ದ ಕೂಡಲೇ ಒಂದು, ಶಾಲೆಯಲ್ಲಿ ಹನ್ನೊಂದಕ್ಕೆ ಒಂದು. ಸಂಜೆಯದು ಹೋಯಿತು. ಸಂಜೆ ಐದೂವರೆಗೆ ಕುಡಿದ ಕಾಫಿಯ ಅರ್ಧ ಕೆಫೀನ್ ರಾತ್ರಿ ಹತ್ತೂವರೆಗೂ ಮೈಯಲ್ಲೇ ಇರುತ್ತಂತೆ. ಸಂಜೆ ಕಾಫಿ ನೆನೆಸಿಕೊಂಡರೆ ಈಗಲೂ ದುಃಖ ಆಗುತ್ತೆ, ಅದರಲ್ಲೂ ಮಳೆ ಇದ್ದರೆ.

ಆಕ್ಸಿಮೀಟರ್ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆ. ಬಲಕ್ಕೆ ಮಲಗ್ತೀನಿ. ಅಕ್ಟೋಬರಿನಲ್ಲಿ ಹಾಸನಾಂಬೆ ಬಾಗಿಲು ತೆಗೆದಾಗ ಧರ್ಮದರ್ಶನದ ಸಾಲಿನಲ್ಲಿ ಗಂಟೆಗಟ್ಟಲೆ ನಿಂತೆ, ಹೋದ ವರ್ಷ ಅರ್ಧಕ್ಕೇ ವಾಪಸ್ ಬಂದವಳು. ಹಿಮೋಗ್ಲೋಬಿನ್ ಆಗ 11.6. ಅಕ್ಕಿ ಡಬ್ಬದ ಮುಂದೆ ನಿಂತರೆ ಈಗ ಏನೂ ಅನ್ನಿಸಲ್ಲ, ಅದೊಂದು ಆಶ್ಚರ್ಯ. ಭಗ್ ಅನ್ನೋದು ಪೂರ್ತಿ ಹೋಗಿಲ್ಲ. ವಾರಕ್ಕೆ ಒಂದೆರಡು ರಾತ್ರಿ ಬರುತ್ತೆ. ಬಂತಾ, ಬಾ ಅಂತೀನಿ, ಮಗ್ಗುಲಾಗ್ತೀನಿ.

ಇದನ್ನು ಬರೆಯೋಕೆ ಕೂತಿದ್ದು ಕಳೆದ ಭಾನುವಾರದ ಒಂದು ಫೋನಿನಿಂದ. ಮಗಳು ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದಾಳೆ, ಇಪ್ಪತ್ತು ವರ್ಷ. ಅದೂ ಇದೂ ಮಾತಾಡಿ, ಇಡೋ ಹೊತ್ತಿಗೆ, ಸಣ್ಣ ದನಿಯಲ್ಲಿ ಅಂದಳು:

"ಅಮ್ಮ, ನಿಂಗೆ ಆಗ್ತಿತ್ತಲ್ಲ ರಾತ್ರಿ ಎದೇಲಿ, ಅದು ಹೇಗಿರ್ತಿತ್ತು?"

"ಯಾಕೆ ಕೇಳ್ತೀಯ?"

"ಸುಮ್ನೆ."

ನಾನು ಬಾಗಿಲು ಮುಂದೆ ಮಾಡಿ ಕೂತೆ. "ನೀನು ಅಕ್ಕಿ ತಿಂತೀಯಾ?"

"ಹಾಸ್ಟೆಲಲ್ಲಿ ಅಕ್ಕಿ ಎಲ್ಲಮ್ಮ ಸಿಗುತ್ತೆ" ಅಂತ ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಕ್ಯಾಂಟೀನಲ್ಲಿ ಜ್ಯೂಸ್ ಕುಡಿದಾದ್ಮೇಲೆ ಐಸ್ ತಿಂತೀನಿ. ಎಲ್ಲರ ಲೋಟದ್ದೂ."